ಗಲ್ಫ್ ಹಣ, ಮಸಾಲಾ ಬಾಂಡ್, ವಿದೇಶಿ ಕಾರ್ಖಾನೆ: ದೇಶ ಬೆಳೆಸುವ ಹೊರಹಣ ಯಾವುದು?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು, ಅರ್ಥಶಾಸ್ತ್ರದಲ್ಲಿ ಬಿ.ಎ. ಓದುತ್ತಿದ್ದೇನೆ. ವಿದೇಶಿ ಬಂಡವಾಳ ಬಂದರೆ ಬಡ ದೇಶಗಳು ಬೇಗ ಬೆಳೆಯುತ್ತವೆ ಎಂದು ಪಠ್ಯಪುಸ್ತಕದಲ್ಲಿದೆ. ವಿದೇಶಿ ಸಾಲ ಮಾಡಿಯೇ ಶ್ರೀಲಂಕಾ ಮುಳುಗಿತು ಎಂದು ಪತ್ರಿಕೆಯಲ್ಲಿ ಓದುತ್ತೇನೆ. ಯಾವುದನ್ನು ನಂಬಬೇಕು? ರಸ್ತೆಯಂಥ ಕಾಮಗಾರಿಗಳಿಗೆ ಹಣ ಹೊಂದಿಸುವ ಕೇರಳ ಸರಕಾರದ ಕಿಫ್ಬಿ ಸಂಸ್ಥೆ ಲಂಡನ್ನಿನಲ್ಲಿ ಮಸಾಲಾ ಬಾಂಡ್ ಎಂಬ ಸಾಲಪತ್ರ ಮಾರಿ ಶೇ. 9.723 ಬಡ್ಡಿ ಕೊಟ್ಟದ್ದು ನಷ್ಟದ ವ್ಯವಹಾರವೇ? ಭಾರತಕ್ಕೂ ಶ್ರೀಲಂಕಾದ ಗತಿ ಬರಬಹುದೇ?

ಉತ್ತರ: ಪಠ್ಯಪುಸ್ತಕ ಹೇಳುವುದೂ ನಿಜ, ಪತ್ರಿಕೆ ಹೇಳುವುದೂ ನಿಜ. ಅವೆರಡೂ ಬೇರೆ ಬೇರೆ ಹಣದ ವಿಷಯ ಹೇಳುತ್ತಿವೆ, ಅಷ್ಟೆ. ಹೊರದೇಶದಿಂದ ಎಷ್ಟು ಹಣ ಬಂತು ಎಂಬುದೊಂದರಿಂದಲೇ ಏನೂ ತೀರ್ಮಾನವಾಗುವುದಿಲ್ಲ. ಅದನ್ನು ಯಾವ ಕರೆನ್ಸಿಯಲ್ಲಿ ಹಿಂದೆ ಕೊಡಬೇಕು, ಯಾವಾಗ ಕೊಡಬೇಕು, ಆ ಹೊತ್ತಿಗೆ ಕೊಡುವ ಹಣ ಎಲ್ಲಿಂದ ಹುಟ್ಟುತ್ತದೆ ಎಂದು ಕೇಳಬೇಕು. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ರೂಪಾಯಿ ಬಿದ್ದ ದಿನ ಆ ನಷ್ಟ ಯಾರ ತಲೆಗೆ ಬರುತ್ತದೆ ಎಂದು.

ಕಾಸರಗೋಡಿನವರಿಗೆ ಇದನ್ನು ಗಲ್ಫ್ ಹಣದಿಂದಲೇ ವಿವರಿಸಬಹುದು. ಅಬುಧಾಬಿಯಲ್ಲಿ ದುಡಿಯುವ ಅಣ್ಣ ಮನೆ ಖರ್ಚಿಗೆಂದು ತಿಂಗಳು ತಿಂಗಳು ಕಳಿಸುವ ಹಣ ರವಾನೆ. ಅದನ್ನು ದೇಶ ಯಾರಿಗೂ ಹಿಂದೆ ಕೊಡಬೇಕಾಗಿಲ್ಲ. ಅದೇ ಅಣ್ಣ ಅನಿವಾಸಿ ಭಾರತೀಯರಿಗೆಂದೇ ಇರುವ ಎನ್‌ಆರ್‌ಇ ಖಾತೆಯಲ್ಲಿ ಠೇವಣಿ ಇಟ್ಟರೆ ಅದು ಭಾರತದ ವಿದೇಶಿ ಸಾಲದ ಪಟ್ಟಿಗೆ ಸೇರುತ್ತದೆ, ಏಕೆಂದರೆ ಅವನು ಬೇಕೆಂದಾಗ ಅಸಲು ಬಡ್ಡಿ ಎರಡನ್ನೂ ಹೊರಗೆ ಒಯ್ಯಬಹುದು. ಆದರೆ ಆ ಖಾತೆ ಇರುವುದು ರೂಪಾಯಿಯಲ್ಲಿ. ರೂಪಾಯಿ ಬಿದ್ದರೆ ದಿರ್ಹಮ್ ಲೆಕ್ಕದಲ್ಲಿ ಕಳೆದುಕೊಳ್ಳುವವನು ಅವನೇ. ಆ ಖಾತೆಯಿಂದ ಮನೆಯವರು ಊರಲ್ಲಿ ಖರ್ಚಿಗೆ ತೆಗೆದಷ್ಟು ಹಣ ಸಾಲದ ಪಟ್ಟಿಯಿಂದ ಹೊರಬಂದು ರವಾನೆಯ ಲೆಕ್ಕಕ್ಕೆ ಹೋಗುತ್ತದೆ. ಡಾಲರಿನಲ್ಲೇ ಎಫ್‌ಸಿಎನ್‌ಆರ್ ಎಂಬ ವಿದೇಶಿ ಕರೆನ್ಸಿ ಠೇವಣಿ ಇಟ್ಟರೆ ಮಾತು ಬೇರೆ. ಬ್ಯಾಂಕು ಡಾಲರಿನಲ್ಲೇ ಹಿಂದೆ ಕೊಡಬೇಕು, ರೂಪಾಯಿ ಬಿದ್ದರೆ ನಷ್ಟ ಭಾರತದ ಕಡೆಗೆ. ದುಡಿದವನು ಒಬ್ಬನೇ, ಬೆವರೂ ಒಂದೇ, ಆದರೆ ದೇಶದ ಲೆಕ್ಕದಲ್ಲಿ ಮೂರು ಬಗೆಯ ಹಣ.

ಇದು ಬರೀ ಪುಸ್ತಕದ ವಿಂಗಡಣೆಯಲ್ಲ. 1975ರಲ್ಲಿ ಶುರುವಾದ ಹಳೆಯ ಎಫ್‌ಸಿಎನ್‌ಆರ್ ಯೋಜನೆಯಲ್ಲಿ ವಿನಿಮಯ ದರದ ನಷ್ಟವನ್ನು ರಿಸರ್ವ್ ಬ್ಯಾಂಕೇ ಹೊರುತ್ತಿತ್ತು. 1990ರಲ್ಲಿ ಇರಾಕ್ ಕುವೈತಿನೊಳಗೆ ನುಗ್ಗಿದಾಗ ಲಕ್ಷಕ್ಕೂ ಮಿಕ್ಕಿ ಭಾರತೀಯರು ಕೆಲಸ ಬಿಟ್ಟು ಊರಿಗೆ ಬಂದರು, ಅಲ್ಲಿಂದ ಬರುವ ಹಣ ಕಡಿಮೆಯಾಯಿತು, ತೈಲದ ಬೆಲೆ ಏರಿತು, ಅನಿವಾಸಿ ಠೇವಣಿದಾರರು ಹೆದರಿ ಹಣ ಹೊರಗೆ ಒಯ್ಯತೊಡಗಿದರು. 1991ರಲ್ಲಿ ನಮ್ಮಲ್ಲಿ ಉಳಿದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಾಗಿ, ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಅಡವಿಡಬೇಕಾಯಿತು. ಆಮೇಲೆ ಆ ಹಳೆಯ ಯೋಜನೆಯನ್ನು ಮುಚ್ಚಿ, ನಷ್ಟದ ಹೊಣೆಯನ್ನು ಬ್ಯಾಂಕುಗಳ ಮೇಲೆ ಹಾಕುವ ಹೊಸ ಯೋಜನೆ ತಂದರು.

ಈಗ ಬೆಳವಣಿಗೆಯ ಲೆಕ್ಕ. ಭಾರತದಲ್ಲಿ ವರ್ಷದ ಒಟ್ಟು ಹೂಡಿಕೆ ಜಿಡಿಪಿಯ ಸುಮಾರು ಶೇ. 30. ಒಂದು ರೂಪಾಯಿ ಹೆಚ್ಚುವರಿ ಉತ್ಪಾದನೆಗೆ ಐದು ರೂಪಾಯಿ ಹೂಡಿಕೆ ಬೇಕು ಎಂದಿಟ್ಟುಕೊಂಡರೆ ಬೆಳವಣಿಗೆ ಶೇ. 6. ಈ ಹೂಡಿಕೆಯ ಬಹುಪಾಲು ನಮ್ಮದೇ ಉಳಿತಾಯ. ಹೊರಗಿನಿಂದ ನಿವ್ವಳವಾಗಿ ಬರುವುದು ಚಾಲ್ತಿ ಖಾತೆಯ ಕೊರತೆಯಷ್ಟು ಮಾತ್ರ, ಅಂದರೆ ಆಮದು ಮೊದಲಾದವಕ್ಕೆ ಹೊರಗೆ ಕೊಟ್ಟದ್ದು ರಫ್ತು, ರವಾನೆ ಮೊದಲಾದವುಗಳಿಂದ ಗಳಿಸಿದ್ದನ್ನು ಮೀರಿದಷ್ಟು. 2024-25ರಲ್ಲಿ ಅದು ಜಿಡಿಪಿಯ ಶೇ. 0.6. ಐದರಿಂದ ಭಾಗಿಸಿದರೆ ಬೆಳವಣಿಗೆಗೆ ಸೇರುವುದು ಶೇ. 0.12. ವಿದೇಶಿ ಹಣವೇ ದೇಶವನ್ನು ಎಳೆಯುತ್ತದೆ ಎನ್ನುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಬೇಕು. ಪ್ರಸಾದ್, ರಾಜನ್, ಸುಬ್ರಮಣಿಯನ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ಅಭಿವೃದ್ಧಿಶೀಲ ದೇಶಗಳ ಪೈಕಿ ವಿದೇಶಿ ಬಂಡವಾಳವನ್ನು ಕಡಿಮೆ ನೆಚ್ಚಿಕೊಂಡವೇ ಹೆಚ್ಚು ಬೆಳೆದದ್ದು ಕಂಡುಬಂತು.

ಹಾಗಿದ್ದರೂ ಎರಡು ಕಾರಣಕ್ಕೆ ಹೊರಹಣ ಬೇಕು. ಯಂತ್ರ, ತೈಲ, ಎಲೆಕ್ಟ್ರಾನಿಕ್ ಚಿಪ್‌ಗಳನ್ನು ರೂಪಾಯಿ ಕೊಟ್ಟು ತರಲಾಗುವುದಿಲ್ಲ, ಡಾಲರು ಬೇಕು. ಎರಡನೆಯದು, ನಮಗೆ ಇನ್ನೂ ಬಾರದ ಕೆಲಸ ಕೆಲವೊಮ್ಮೆ ಹಣದ ಜೊತೆಗೇ ಬರುತ್ತದೆ. ಈ ಎರಡನೆಯದಕ್ಕೆ ಬೆಲೆ ಹೆಚ್ಚು, ಮತ್ತು ಅದು ತಾನಾಗಿ ಬರುವುದಿಲ್ಲ.

ಕನ್ನಡ ಗಡಿಯ ಇನ್ನೊಂದು ತುದಿಯನ್ನು ನೋಡಿ. ಆಂಧ್ರದಲ್ಲಿ, ಕನ್ನಡ ಮಾತಾಡುವವರು ಬಹಳ ಇರುವ ಮಡಕಶಿರ, ಹಿಂದೂಪುರದ ಪಕ್ಕದಲ್ಲೇ ಪೆನುಕೊಂಡ ಇದೆ. ಕೊರಿಯಾದ ಕಿಯಾ ಕಂಪನಿ 2017ರಲ್ಲಿ ಒಪ್ಪಂದ ಮಾಡಿಕೊಂಡು, ಸುಮಾರು 110 ಕೋಟಿ ಡಾಲರು ಹೂಡಿ, ವರ್ಷಕ್ಕೆ 3 ಲಕ್ಷ ಕಾರು ಮಾಡುವ ಕಾರ್ಖಾನೆಯನ್ನು ಅಲ್ಲಿ ಕಟ್ಟಿತು. 2019ರಲ್ಲಿ ಮೊದಲ ಸೆಲ್ಟೋಸ್ ಕಾರು ಹೊರಬಂತು. ಮಳೆ ಕಾಣದ ಸೀಮೆಯಲ್ಲಿ ಇಂಥದ್ದು ಎದ್ದು ನಿಂತದ್ದು ಸಣ್ಣ ಮಾತಲ್ಲ. ಇದು ಸಾಲವಲ್ಲ, ಕಾರು ಮಾರಾಟವಾಗದಿದ್ದರೆ ನಷ್ಟ ಕಂಪನಿಯದು. ಕಾರ್ಖಾನೆಯನ್ನು ರಾತ್ರೋರಾತ್ರಿ ಕಿತ್ತು ಒಯ್ಯಲೂ ಆಗದು. ಆದ್ದರಿಂದ ಸಾಲಕ್ಕಿಂತ ಇಂಥ ನೇರ ಹೂಡಿಕೆ ಸುರಕ್ಷಿತ ಎನ್ನುವುದು.

ಆದರೆ ಕಾರ್ಖಾನೆಯ ಗೇಟಿನ ಹೊರಗೆ ಬೆಳವಣಿಗೆ ಹರಡುವುದು ಬಿಡಿಭಾಗ ಕೊಡುವವರ ಮೂಲಕ. ಕಾರು ಕಂಪನಿ ಬಂದಾಗ ದೊಡ್ಡ ಬಿಡಿಭಾಗಗಳ ತಯಾರಕರು ತಮ್ಮ ದೇಶದಿಂದಲೇ ಜೊತೆಗೆ ಬರುತ್ತಾರೆ. ಊರಿನವರಿಗೆ ಮೊದಲು ಸಿಗುವುದು ಕ್ಯಾಂಟೀನು, ಬಸ್ಸು, ಸೆಕ್ಯೂರಿಟಿ, ಪ್ಯಾಕಿಂಗಿನ ಕೆಲಸ. ಹಿಂದೂಪುರದ ಒಂದು ಸಣ್ಣ ವರ್ಕ್‌ಶಾಪು ಬ್ರ್ಯಾಕೆಟ್ಟನ್ನೋ ರಬ್ಬರ್ ಬುಶ್ಶನ್ನೋ ಮಾಡಿ ಕೊಡಬೇಕೆಂದರೆ ಏನೆಲ್ಲ ಬೇಕು? ವಾಹನ ಉದ್ಯಮದ ಗುಣಮಟ್ಟದ ಪ್ರಮಾಣಪತ್ರ ಬೇಕು. ಮಾದರಿ ತುಂಡುಗಳು, ಅಳತೆಯ ವರದಿ, ಕಚ್ಚಾವಸ್ತುವಿನ ಪರೀಕ್ಷಾ ವರದಿ ಕೊಟ್ಟು ಒಪ್ಪಿಗೆ ಪಡೆಯಬೇಕು. ತಪ್ಪು ತುಂಡುಗಳನ್ನು ಅಲ್ಲಿ ನೂರಕ್ಕೆ ಇಷ್ಟು ಎಂದು ಎಣಿಸುವುದಿಲ್ಲ, ಹತ್ತು ಲಕ್ಷಕ್ಕೆ ಇಷ್ಟು ಎಂದು ಎಣಿಸುತ್ತಾರೆ. ಬಿಲ್ಲಿನ ಹಣ ಬರಲು ಎರಡು ಮೂರು ತಿಂಗಳು ಹಿಡಿಯಬಹುದು. ಅಲ್ಲಿಯವರೆಗೆ ಉಕ್ಕು, ವಿದ್ಯುತ್ತು, ಸಂಬಳಕ್ಕೆ ಬ್ಯಾಂಕಿನ ದುಡಿಯುವ ಬಂಡವಾಳ ಬೇಕು. ವರ್ಕ್‌ಶಾಪಿನ ಮಾಲಿಕ ಕೆಲಸ ಬಾರದೆ ಸೋಲುವುದಕ್ಕಿಂತ ಈ ಕೊನೆಯ ಮೆಟ್ಟಿಲಲ್ಲಿ ಸೋಲುವುದೇ ಹೆಚ್ಚು. ಬೋರೆನ್‌ಸ್ಟೀನ್ ಮತ್ತು ಜೊತೆಗಾರರು 69 ಅಭಿವೃದ್ಧಿಶೀಲ ದೇಶಗಳ ಮೇಲೆ ಮಾಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ: ಜನರ ಶಿಕ್ಷಣ ಒಂದು ಮಟ್ಟ ಮುಟ್ಟಿದ ಕಡೆ ಮಾತ್ರ ವಿದೇಶಿ ನೇರ ಹೂಡಿಕೆ ದೇಶೀ ಹೂಡಿಕೆಗಿಂತ ಹೆಚ್ಚು ಫಲ ಕೊಡುತ್ತದೆ. ಸ್ಥಳೀಯರಿಗೆ ಬ್ಯಾಂಕ್ ಸಾಲ ಸುಲಭವಾಗಿ ಸಿಗುವ ಕಡೆ ಅದರ ಲಾಭ ಹೆಚ್ಚು ಎಂದು ನಂತರದ ಅಧ್ಯಯನಗಳು ತೋರಿಸಿವೆ. ಬಿಡಿಭಾಗದ ಕೆಲಸ ಇಲ್ಲಿನವರಿಗೆ ಹರಡಿದ ಉದಾಹರಣೆ ಮಾರುತಿ. ಅದರಲ್ಲಿ ಜಪಾನಿನ ಸುಝುಕಿ ಮೊದಲು ಹಿಡಿದದ್ದು ಶೇ. 26 ಪಾಲು ಮಾತ್ರ. ಬಿಡಿಭಾಗಗಳನ್ನು ಹಂತ ಹಂತವಾಗಿ ಇಲ್ಲೇ ಮಾಡಿಸಬೇಕೆಂಬ ಸರಕಾರದ ಒತ್ತಾಯ ಇತ್ತು. ಇಂದು ಗುರುಗ್ರಾಮದ ಸುತ್ತ ಕಾಣುವ ಬಿಡಿಭಾಗ ಉದ್ಯಮದ ಬೇರು ಅಲ್ಲಿದೆ.

ನೇರ ಹೂಡಿಕೆಯ ಅಂಕಿಯನ್ನು ಓದುವಾಗ ಒಂದು ಎಚ್ಚರ ಬೇಕು. ಮಂತ್ರಿಗಳು ಹೇಳುವುದು ಒಟ್ಟು ಮೊತ್ತ. 2024-25ರಲ್ಲಿ ಭಾರತಕ್ಕೆ ಬಂದ ಒಟ್ಟು ನೇರ ಹೂಡಿಕೆ ಸುಮಾರು 8,100 ಕೋಟಿ ಡಾಲರು. ಅದೇ ವರ್ಷ ವಿದೇಶಿ ಹೂಡಿಕೆದಾರರು ಪಾಲು ಮಾರಿ ಹಿಂದೆ ಒಯ್ದದ್ದು 5,100 ಕೋಟಿ ಡಾಲರಿಗೂ ಹೆಚ್ಚು. ಭಾರತದ ಕಂಪನಿಗಳು ಹೊರಗೆ ಹೂಡಿದ್ದನ್ನೂ ಕಳೆದರೆ ನಿವ್ವಳ ಉಳಿದದ್ದು ಸುಮಾರು 100 ಕೋಟಿ ಡಾಲರು ಮಾತ್ರ. ಒಂದು ಉದಾಹರಣೆ ಚೆನ್ನೈ ಹತ್ತಿರದ ಹ್ಯುಂಡೈ. 2024ರ ಅಕ್ಟೋಬರಿನಲ್ಲಿ ಅದರ ಸುಮಾರು 27,870 ಕೋಟಿ ರೂಪಾಯಿಯ ಷೇರು ಮಾರಾಟವಾಯಿತು. ಅಷ್ಟೂ ಕೊರಿಯಾದ ಮೂಲ ಕಂಪನಿ ತನ್ನ ಪಾಲನ್ನು ಮಾರಿದ್ದು. ಇಲ್ಲಿನ ಕಾರ್ಖಾನೆಗೆ ಅದರಿಂದ ಹೊಸ ಹಣ ಬರಲಿಲ್ಲ. ಇದು ತಪ್ಪೇನಲ್ಲ. ಇಪ್ಪತ್ತೈದು ವರ್ಷಕ್ಕೂ ಹಿಂದೆ ಹೂಡಿದವರು ಫಲ ಕೊಯ್ದರು. ಆದರೆ ಲಾಭಾಂಶ, ರಾಯಲ್ಟಿ, ಪಾಲು ಮಾರಾಟ ಎಲ್ಲವೂ ಒಂದು ದಿನ ಡಾಲರಾಗಿ ಹೊರಗೆ ಹೋಗುತ್ತವೆ ಎಂಬುದು ಲೆಕ್ಕದಲ್ಲಿ ಇರಬೇಕು. ಆ ಕಾರ್ಖಾನೆ ರಫ್ತು ಮಾಡುತ್ತಿದ್ದರೆ ಆ ಡಾಲರನ್ನು ತಾನೇ ದುಡಿದು ಕೊಡುತ್ತದೆ. ಇಲ್ಲೇ ಮಾರುತ್ತಿದ್ದರೆ ಬೇರೆ ಯಾರೋ ದುಡಿದ ಡಾಲರು ಬೇಕು. ಆ ಬೇರೆಯವರು ಹೆಚ್ಚಾಗಿ ಸಾಫ್ಟ್‌ವೇರಿನವರು ಮತ್ತು ಗಲ್ಫಿನವರು: ಅದೇ ವರ್ಷ ಅನಿವಾಸಿಗಳಿಂದ ಬಂದ ರವಾನೆ 13,500 ಕೋಟಿ ಡಾಲರು. ನಮ್ಮ ಜಿಲ್ಲೆಯವರಿಗೆ ಇದರ ಮಹತ್ವವನ್ನು ಯಾರೂ ಹೇಳಿಕೊಡುವುದಿಲ್ಲ ಎಂಬ ಬೇಸರ ನನಗಿದೆ.

ರವಾನೆಗೂ ಅದರದೇ ತೊಡಕು ಇದೆ. ಹಣ ಮನೆ, ಜಾಗ, ಮದುವೆಗೆ ಹೋದಾಗ ಊರಲ್ಲಿ ಕೂಲಿ ಮತ್ತು ಜಾಗದ ಬೆಲೆ ಏರುತ್ತದೆ. ಅಡಿಕೆ ತೆಗೆಯುವವರಿಗೆ, ಮದ್ದು ಬಿಡುವವರಿಗೆ ಕೊಡುವ ಕೂಲಿ ತೋಟದ ಆದಾಯಕ್ಕಿಂತ ಬೇಗ ಏರಿದರೆ ತೋಟದವನು ಸೋಲುತ್ತಾನೆ. ಹೊರಹಣ ಧಾರಾಳ ಬಂದು ರೂಪಾಯಿ ಗಟ್ಟಿಯಾದರೆ ಹೊರಗಿನ ಅಡಿಕೆ, ಕಾಳುಮೆಣಸು ಅಗ್ಗವಾಗಿ ಒಳಬರುತ್ತವೆ. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ಇಂಥ ಅಗ್ಗದ ಮಾಲನ್ನು ತಡೆಯಲಿಕ್ಕೆ. ಹೊರಹಣದಿಂದ ರಫ್ತುದಾರನಿಗೂ ಬೆಳೆಗಾರನಿಗೂ ಬೀಳುವ ಈ ಪೆಟ್ಟನ್ನು ಪಠ್ಯಪುಸ್ತಕ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತದೆ.

ಷೇರು ಮಾರುಕಟ್ಟೆಗೆ ಬರುವ ವಿದೇಶಿ ಹಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬರುವುದೂ ಬೇಗ, ಹೋಗುವುದೂ ಬೇಗ. ಬೆಳವಣಿಗೆಯ ಲೆಕ್ಕದಲ್ಲಿ ಅದನ್ನು ನೆಚ್ಚಿಕೊಳ್ಳಬಾರದು.

ಇನ್ನು ಮಸಾಲಾ ಬಾಂಡ್. ಹೆಸರು ವಿಚಿತ್ರ, ವಿಷಯ ಸರಳ: ಹೊರದೇಶದಲ್ಲಿ ಮಾರುವ, ಆದರೆ ರೂಪಾಯಿ ಲೆಕ್ಕದಲ್ಲಿ ತೀರಿಸುವ ಸಾಲಪತ್ರ. 2019ರ ಮಾರ್ಚಿನಲ್ಲಿ ಕಿಫ್ಬಿ ಹೀಗೆ 2,150 ಕೋಟಿ ರೂಪಾಯಿ ಎತ್ತಿತು. ಐದು ವರ್ಷದ ಅವಧಿ, ಬಡ್ಡಿ ಶೇ. 9.723. ವರ್ಷದ ಬಡ್ಡಿ ಸುಮಾರು 209 ಕೋಟಿ, ಐದು ವರ್ಷಕ್ಕೆ 1,045 ಕೋಟಿ.

ವಿದೇಶದಲ್ಲಿ ಡಾಲರ್ ಸಾಲ ಶೇ. 5-6ಕ್ಕೆ ಸಿಗುವಾಗ ಇಷ್ಟು ಬಡ್ಡಿ ಯಾಕೆ ಎಂದು ಆಗ ಬಹಳ ಮಂದಿ ಕೇಳಿದರು. ಕಾಗದ ತೆಗೆದು ಲೆಕ್ಕ ಹಾಕಿ. ಡಾಲರಿಗೆ 70 ರೂಪಾಯಿ ಇದ್ದಾಗ ಶೇ. 6ರ ಬಡ್ಡಿಗೆ 1,000 ಕೋಟಿ ರೂಪಾಯಿಗೆ ಸಮನಾದ ಡಾಲರ್ ಸಾಲ ಮಾಡಿದಿರಿ ಎಂದಿಟ್ಟುಕೊಳ್ಳಿ. ಅಂದರೆ 14.29 ಕೋಟಿ ಡಾಲರು. 2024ರ ಮಾರ್ಚಿನಲ್ಲಿ ಡಾಲರು 83ರ ಆಸುಪಾಸಿನಲ್ಲಿತ್ತು. ಅಸಲು ತೀರಿಸಲು ಬೇಕಾದ್ದು ಸುಮಾರು 1,186 ಕೋಟಿ. ಬಡ್ಡಿಯೂ ಅದೇ ದರದಲ್ಲಿ ಏರುತ್ತದೆ: ಮೊದಲು ವರ್ಷಕ್ಕೆ 60 ಕೋಟಿ ಇದ್ದದ್ದು ಕೊನೆಗೆ 71 ಕೋಟಿ. ರೂಪಾಯಿ ಬಿದ್ದದ್ದು ವರ್ಷಕ್ಕೆ ಸರಾಸರಿ ಶೇ. 3.5. ಎಲ್ಲ ಸೇರಿಸಿದರೆ ಆ ಡಾಲರ್ ಸಾಲದ ನಿಜವಾದ ಬಡ್ಡಿ ಶೇ. 9.7ರ ಹತ್ತಿರ ನಿಲ್ಲುತ್ತದೆ. ಅಗ್ಗ ಎಂದು ಕಂಡ ಡಾಲರ್ ಸಾಲವೂ ದುಬಾರಿ ಎಂದು ಕಂಡ ಮಸಾಲಾ ಬಾಂಡೂ ಕೊನೆಗೆ ಒಂದೇ ಬೆಲೆಗೆ ಬಂದವು. ವ್ಯತ್ಯಾಸ ಇಷ್ಟೇ: ರೂಪಾಯಿ ಇನ್ನೂ ಹೆಚ್ಚು ಬಿದ್ದಿದ್ದರೆ ಬಾಂಡಿನಲ್ಲಿ ನಷ್ಟ ಕೊಂಡವನಿಗೆ ಆಗುತ್ತಿತ್ತು, ಡಾಲರ್ ಸಾಲದಲ್ಲಿ ಕೇರಳದವರಿಗೆ. ಆದ್ದರಿಂದ ವಿದೇಶದಿಂದ ತಂದರು ಎಂಬ ಕಾರಣಕ್ಕೆ ಅದನ್ನು ಬೈಯುವುದು ಸರಿಯಲ್ಲ.

ಬೈಯಲು ಬೇರೆ ಕಾರಣ ಇದೆ. ಅದೇ ಸಮಯದಲ್ಲಿ ರಾಜ್ಯ ಸರಕಾರದ ಸ್ವಂತ ಸಾಲಪತ್ರಗಳು ಮುಂಬಯಿಯ ಹರಾಜಿನಲ್ಲಿ ಶೇ. 8ರಿಂದ 8.5ರೊಳಗೆ ಹೋಗುತ್ತಿದ್ದವು. ಅಂದರೆ ದೇಶದೊಳಗೇ ಕಡಿಮೆ ಬಡ್ಡಿಗೆ ಹಣ ಇತ್ತು. ಆದರೆ ರಾಜ್ಯ ಎಷ್ಟು ಸಾಲ ಮಾಡಬಹುದು ಎಂಬುದಕ್ಕೆ ಕೇಂದ್ರದ ಮಿತಿ ಇದೆ, ಕಿಫ್ಬಿಯ ಸಾಲ ಆಗ ಆ ಮಿತಿಯ ಹೊರಗಿತ್ತು. ಹೆಚ್ಚುವರಿ ಕೊಟ್ಟ ಶೇ. 1ಕ್ಕೂ ಮಿಕ್ಕಿದ ಬಡ್ಡಿ ಆ ಮಿತಿಯನ್ನು ದಾಟಲು ಕೊಟ್ಟ ಬೆಲೆ ಎನ್ನುವುದು ನನ್ನ ಅಭಿಪ್ರಾಯ. ಸಂವಿಧಾನದ 293ನೇ ವಿಧಿ ರಾಜ್ಯಗಳಿಗೆ ದೇಶದೊಳಗೆ ಮಾತ್ರ ಸಾಲ ಮಾಡುವ ಅಧಿಕಾರ ಕೊಡುತ್ತದೆ ಎಂದು ಸರಕಾರಗಳ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರು (ಸಿಎಜಿ) ಆಕ್ಷೇಪಿಸಿದರು. ಕಿಫ್ಬಿ ಪ್ರತ್ಯೇಕ ಸಂಸ್ಥೆ, ರಿಸರ್ವ್ ಬ್ಯಾಂಕಿನ ಅನುಮತಿ ಇತ್ತು ಎಂದು ರಾಜ್ಯ ವಾದಿಸಿತು. ನಂತರ ಕೇಂದ್ರ ಇಂಥ ಸಾಲಗಳನ್ನೂ ಮಿತಿಯೊಳಗೆ ಎಣಿಸತೊಡಗಿತು. ಸಾಲದ ಮಿತಿಯ ವಿಷಯದಲ್ಲಿ ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು, 2024ರಲ್ಲಿ ಅದು ಸಂವಿಧಾನ ಪೀಠಕ್ಕೆ ಒಪ್ಪಿಸಲ್ಪಟ್ಟಿತು.

ಅದಕ್ಕಿಂತ ಮುಖ್ಯವಾದದ್ದು, ಇಂಥ ಸಾಲ ತೀರುವುದು ಯಾವುದರಿಂದ? ಕಿಫ್ಬಿಗೆ ಸಿಗುವುದು ಮೋಟಾರು ವಾಹನ ತೆರಿಗೆಯ ಪಾಲು ಮತ್ತು ಪೆಟ್ರೋಲ್ ಮೇಲಿನ ಸೆಸ್. ಮಲೆನಾಡ ಹೆದ್ದಾರಿ ನಮ್ಮ ಜಿಲ್ಲೆಯ ನಂದಾರಪದವಿನಿಂದ ಶುರುವಾಗುತ್ತದೆ, ಅದಕ್ಕೆ ಕಿಫ್ಬಿ ಹಣ ಬಂದಿದೆ. ಆ ರಸ್ತೆಯಲ್ಲಿ ಟೋಲ್ ಇಲ್ಲ. ರಸ್ತೆಯಿಂದ ವ್ಯಾಪಾರ ಬೆಳೆದು, ವಾಹನ ಹೆಚ್ಚಾಗಿ, ತೆರಿಗೆಯಾಗಿ ಹಣ ಹಿಂದೆ ಬರಬೇಕು. ಇಲ್ಲಿ ಗಡಿಯ ಜನರಿಗೆ ಕಣ್ಣಿಗೆ ಕಾಣುವ ಒಂದು ಸೋರಿಕೆ ಇದೆ. ರಸ್ತೆ ಚೆನ್ನಾದಷ್ಟೂ ಮಂಜೇಶ್ವರ, ಉಪ್ಪಳ, ಪೈವಳಿಕೆಯವರು ಆಸ್ಪತ್ರೆಗೆ, ಬಟ್ಟೆಗೆ, ಚಿನ್ನಕ್ಕೆ ಮಂಗಳೂರಿಗೆ ಹೋಗುವುದು ಸುಲಭ. ಅಂಗಡಿಯಲ್ಲಿ ಕೊಂಡ ಮಾಲಿನ ಜಿಎಸ್‌ಟಿಯ ರಾಜ್ಯದ ಪಾಲು ಕರ್ನಾಟಕಕ್ಕೆ. ಪೆಟ್ರೋಲ್ ಅಲ್ಲಿ ಅಗ್ಗ, ಆದ್ದರಿಂದ ತಲಪಾಡಿ ದಾಟಿ ಟ್ಯಾಂಕ್ ತುಂಬಿಸಿ ಬರುವುದು ಮಾಮೂಲು. ಸೆಸ್ ಕೂಡ ಹೋಯಿತು. ಜನರಿಗೆ ರಸ್ತೆಯ ಲಾಭ ಖಂಡಿತ ಸಿಕ್ಕಿತು, ಆದರೆ ಸಾಲ ತೀರಿಸಬೇಕಾದ ಖಜಾನೆಗೆ ಅಷ್ಟು ಸಿಗಲಿಲ್ಲ. ಇದರರ್ಥ ಗಡಿಯಲ್ಲಿ ರಸ್ತೆ ಬೇಡ ಎಂದಲ್ಲ. ಗಡಿ ಜಿಲ್ಲೆಯ ರಸ್ತೆಗೆ ದುಬಾರಿಯ ಐದು ವರ್ಷದ ಸಾಲ ಹೊಂದುವುದಿಲ್ಲ, ದೀರ್ಘಾವಧಿಯ ಕಡಿಮೆ ಬಡ್ಡಿಯ ಹಣವೇ ಬೇಕು.

ಅಂಥ ಹಣಕ್ಕೂ ಉದಾಹರಣೆ ನಮ್ಮಲ್ಲೇ ಇದೆ. ಕಾಸರಗೋಡು-ಕಾಞಂಗಾಡ್ ರಸ್ತೆಯನ್ನು ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ ಅಗಲ ಮಾಡಿದ್ದು. ಇಂಥ ಸಾಲ ಕೇಂದ್ರದ ಮೂಲಕ ಬರುತ್ತದೆ, ತೀರಿಸಲು ವರ್ಷಗಟ್ಟಲೆ ಸಮಯ ಇರುತ್ತದೆ. ಆದರೆ 2005ರ ನಂತರ ಕೇರಳದಂಥ ರಾಜ್ಯಗಳಿಗೆ ಅದು ಬಂದ ಷರತ್ತಿನಲ್ಲೇ ದಾಟುತ್ತದೆ. ಡಾಲರು ಏರಿದರೆ ಭಾರ ರಾಜ್ಯದ್ದೇ. ಇಲ್ಲಿ ಕೆಲಸ ಕೆಡುವುದು ಬಡ್ಡಿಯಿಂದಲ್ಲ, ವಿಳಂಬದಿಂದ. ಜಾಗ ಸಿಕ್ಕಿರುವುದಿಲ್ಲ, ವಿದ್ಯುತ್ ಕಂಬ ಮತ್ತು ನೀರಿನ ಪೈಪು ಸರಿದಿರುವುದಿಲ್ಲ, ಗುತ್ತಿಗೆ ಮಾತ್ರ ಕೊಟ್ಟಾಗಿರುತ್ತದೆ. ಆಗ ಗುತ್ತಿಗೆದಾರ ದರ ಏರಿಸಿ ಕೇಳುತ್ತಾನೆ, ತೆಗೆದ ಸಾಲಕ್ಕೆ ಬಡ್ಡಿ ಓಡುತ್ತದೆ, ಕೆಲವು ಸಾಲಗಳಲ್ಲಿ ತೆಗೆಯದೆ ಬಾಕಿ ಇಟ್ಟ ಹಣಕ್ಕೂ ಶುಲ್ಕ ಬೀಳುತ್ತದೆ. ಜಾಗವೆಲ್ಲ ಕೈಗೆ ಬಂದ ಮೇಲೆಯೇ ಸಾಲಕ್ಕೆ ಸಹಿ ಹಾಕಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಶ್ರೀಲಂಕಾದ ವಿಷಯ. ಹಂಬನ್‌ತೋಟ ಬಂದರನ್ನು ಸಾಲಕ್ಕೆ ಬದಲಾಗಿ ಚೀನಾ ಕಿತ್ತುಕೊಂಡಿತು ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ನಡೆದದ್ದು ಹಾಗಲ್ಲ. 2017ರಲ್ಲಿ ಸುಮಾರು 112 ಕೋಟಿ ಡಾಲರಿಗೆ ಬಂದರನ್ನು 99 ವರ್ಷಕ್ಕೆ ಚೀನಾದ ಕಂಪನಿಗೆ ಗುತ್ತಿಗೆ ಕೊಟ್ಟರು. ಬಂದ ಡಾಲರು ವಿದೇಶಿ ವಿನಿಮಯದ ಖಜಾನೆಗೆ ಸೇರಿತು, ಬಂದರಿನ ಸಾಲ ಹಾಗೆಯೇ ಉಳಿಯಿತು. ದೇಶವನ್ನು ಕೆಡವಿದ್ದು ಮುಖ್ಯವಾಗಿ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಮಾರಿದ ಡಾಲರ್ ಬಾಂಡುಗಳು. ಅವು ಸರಕಾರದ ವಿದೇಶಿ ಸಾಲದ ಮೂರನೇ ಒಂದಕ್ಕೂ ಹೆಚ್ಚು ಪಾಲು. ಬಡ್ಡಿ ಹೆಚ್ಚು, ಅವಧಿ ಕಡಿಮೆ, ಅಸಲು ಒಮ್ಮೆಗೇ ತೀರಿಸಬೇಕು. ಹಳೆಯ ಬಾಂಡ್ ತೀರಿಸಲು ಹೊಸ ಬಾಂಡ್ ಮಾರುವುದೇ ದಾರಿಯಾಗಿತ್ತು. 2019ರ ಕೊನೆಗೆ ತೆರಿಗೆ ಕಡಿತ ಮಾಡಿದರು, 2020ರಲ್ಲಿ ಪ್ರವಾಸಿಗರು ಬರುವುದು ನಿಂತಿತು, ಹೊಸ ಬಾಂಡ್ ಕೊಳ್ಳುವವರಿಲ್ಲದಾದರು. ಮೇಲಿಂದ ಡಾಲರಿನ ದರವನ್ನು 200 ಶ್ರೀಲಂಕಾ ರೂಪಾಯಿಯ ಹತ್ತಿರ ಬಲವಂತವಾಗಿ ಹಿಡಿದಿಟ್ಟರು. ಹೊರಗೆ ಅದಕ್ಕಿಂತ ಹೆಚ್ಚು ಸಿಗುತ್ತಿದ್ದುದರಿಂದ ಗಲ್ಫಿನಲ್ಲಿದ್ದ ಶ್ರೀಲಂಕಾದವರು ಬ್ಯಾಂಕು ಬಿಟ್ಟು ಹುಂಡಿಯಲ್ಲಿ, ಅಂದರೆ ಹವಾಲಾ ಮೂಲಕ, ಹಣ ಕಳಿಸಿದರು. ಬ್ಯಾಂಕಿನ ಮೂಲಕ 2020ರಲ್ಲಿ 710 ಕೋಟಿ ಡಾಲರು ಬಂದಿತ್ತು, 2022ರಲ್ಲಿ 380 ಕೋಟಿಗೆ ಇಳಿಯಿತು. 2022ರ ಏಪ್ರಿಲಿನಲ್ಲಿ ವಿದೇಶಿ ಸಾಲ ತೀರಿಸುವುದನ್ನು ನಿಲ್ಲಿಸಿದರು. ಆ ವರ್ಷ ಆರ್ಥಿಕತೆ ಶೇ. 7ಕ್ಕೂ ಹೆಚ್ಚು ಕುಗ್ಗಿತು.

1997ರ ಥಾಯ್ಲೆಂಡಿನಲ್ಲಿ ಸರಕಾರದ ಸಾಲ ಕಡಿಮೆ ಇತ್ತು, ಉಳಿತಾಯ ಚೆನ್ನಾಗಿತ್ತು. ಅಲ್ಲಿನ ಹಣಕಾಸು ಕಂಪನಿಗಳು ಮಾತ್ರ ಅಲ್ಪಾವಧಿಯ ಡಾಲರ್ ಸಾಲ ತಂದು ಬ್ಯಾಂಕಾಕಿನ ಕಟ್ಟಡಗಳಿಗೆ ಅಲ್ಲಿನ ಕರೆನ್ಸಿ ಬಾಟ್‌ನಲ್ಲಿ ದೀರ್ಘಾವಧಿಗೆ ಕೊಟ್ಟಿದ್ದವು. ಜುಲೈ 2ರಂದು, ಡಾಲರಿಗೆ ಕಟ್ಟಿಟ್ಟಿದ್ದ ಬಾಟ್‌ನ ಕಟ್ಟು ಬಿಚ್ಚಿದರು. ಡಾಲರಿಗೆ 25 ಇದ್ದದ್ದು 1998ರ ಜನವರಿಗೆ 50 ದಾಟಿತು, ಸಾಲ ಕೂತಲ್ಲೇ ಎರಡರಷ್ಟಾಯಿತು. ಸರಕಾರ ಮಾತ್ರ ಜಾಗ್ರತೆಯಾಗಿದ್ದರೆ ಸಾಲದು ಎಂದು ಇದರಿಂದ ತಿಳಿಯುತ್ತದೆ.

ಭಾರತಕ್ಕೆ ಆ ಗತಿ ಹತ್ತಿರದಲ್ಲಿಲ್ಲ. 2025ರ ಮಾರ್ಚ್ ಅಂತ್ಯಕ್ಕೆ ನಮ್ಮ ವಿದೇಶಿ ಸಾಲ ಸುಮಾರು 73,600 ಕೋಟಿ ಡಾಲರು, ಜಿಡಿಪಿಯ ಶೇ. 19. ಅದರಲ್ಲಿ ಶೇ. 31ರಷ್ಟು ರೂಪಾಯಿ ಲೆಕ್ಕದ ಸಾಲ. ವಿದೇಶಿ ವಿನಿಮಯ ಸಂಗ್ರಹ 66,000 ಕೋಟಿ ಡಾಲರಿಗೂ ಹೆಚ್ಚು. ಕೇಂದ್ರ ಸರಕಾರ ಹೊರದೇಶದ ಮಾರುಕಟ್ಟೆಯಲ್ಲಿ ಡಾಲರ್ ಬಾಂಡ್ ಮಾರಿಲ್ಲ. 2019ರ ಬಜೆಟ್ಟಿನಲ್ಲಿ ಆ ಪ್ರಸ್ತಾಪ ಬಂದು ಕೈಬಿಟ್ಟದ್ದು ಒಳ್ಳೆಯದೇ ಆಯಿತು. ನೀವು ಓದಿನ ಅಂಗವಾಗಿ ರಿಸರ್ವ್ ಬ್ಯಾಂಕಿನ ವಿದೇಶಿ ಸಾಲದ ವರದಿಯನ್ನು ತೆಗೆದರೆ ಒಟ್ಟು ಮೊತ್ತದಲ್ಲಿ ಹೊತ್ತು ಕಳೆಯಬೇಡಿ. ಅಲ್ಪಾವಧಿ ಸಾಲವು ವಿದೇಶಿ ವಿನಿಮಯ ಸಂಗ್ರಹದ ಶೇಕಡಾ ಎಷ್ಟು ಎಂಬ ಸಾಲನ್ನು ನೋಡಿ. 1991ರ ಮಾರ್ಚಿನಲ್ಲಿ ಅದು ಶೇ. 146 ದಾಟಿತ್ತು. 2025ರ ಮಾರ್ಚ್ ಅಂತ್ಯಕ್ಕೆ ಒಂದು ವರ್ಷದೊಳಗೆ ತೀರಿಸಬೇಕಾದ ಎಲ್ಲ ಸಾಲವನ್ನು ಸೇರಿಸಿದರೂ ಸಂಗ್ರಹದ ಅರ್ಧಕ್ಕಿಂತ ಕಡಿಮೆ, ಅದರಲ್ಲೂ ಒಂದು ದೊಡ್ಡ ಪಾಲು ಅನಿವಾಸಿ ಠೇವಣಿ. ಕಣ್ಣಿಡಬೇಕಾದ ಜಾಗ ಖಾಸಗಿ ಕಂಪನಿಗಳ ಡಾಲರ್ ಸಾಲ: ರೂಪಾಯಿಯಲ್ಲಿ ಮಾತ್ರ ಗಳಿಸುವ ವಿದ್ಯುತ್, ರಸ್ತೆ, ವಸತಿ ಕಂಪನಿಗಳು ರೂಪಾಯಿ ಬಿದ್ದ ನಷ್ಟದಿಂದ ಕಾಯುವ ವಿನಿಮಯ ದರದ ರಕ್ಷಣೆ ಕೊಳ್ಳದೆ ಎಷ್ಟು ಸಾಲ ತಂದಿವೆ ಎಂಬುದು. ಕಂಪನಿಯ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ, ರಕ್ಷಣೆ ಇಲ್ಲದ ವಿದೇಶಿ ಕರೆನ್ಸಿ ಬಾಕಿ ಎಂಬ ಪಟ್ಟಿಯಲ್ಲಿ ಅದು ಸಿಗುತ್ತದೆ.